ಅಟ್ಟದ ಮೇಲಿನ ಜಡಭರತ

ಧಾರವಾಡದ ಸುಭಾಸ ರಸ್ತೆಯಲ್ಲಿದ್ದ ಮನೋಹರ ಗ್ರಂಥಮಾಲೆಯ ಕಚೇರಿಯನ್ನು ಕಚೇರಿ ಎಂದು ಕರೆದವರು ಕಡಿಮೆ. ಅದು ‘ಅಟ್ಟ’. ಸಾಹಿತ್ಯದ ಗಂಧವಿದ್ದ ಯಾರಿಗಾದರೂ ಧಾರವಾಡದಲ್ಲಿ ‘ಅಟ್ಟಕ್ಕೆ ಹೋಗಿದ್ದೆ’ ಎಂದರೆ ಸಾಕು, ಯಾವ ಅಟ್ಟ ಎಂದು ಕೇಳುವ ಪ್ರಸಂಗ ಬರುತ್ತಿರಲಿಲ್ಲ. ಮೆಟ್ಟಿಲು ಹತ್ತಿದರೆ ಪುಸ್ತಕದ ಕಟ್ಟುಗಳು, ಅವುಗಳ ನಡುವೆ ಮಾತಿಗೆ ಕುಳಿತ ಜನ. ಸಾಹಿತ್ಯ ಚರಿತ್ರೆ ಬರೆಯುವವರು ಸಮ್ಮೇಳನದ ಮಂಟಪಗಳ ಬಗ್ಗೆ, ವಿಶ್ವವಿದ್ಯಾಲಯದ ಸಭಾಂಗಣಗಳ ಬಗ್ಗೆ ಪುಟಗಟ್ಟಲೆ ಬರೆಯುತ್ತಾರೆ. ಅಲ್ಲೆಲ್ಲ ನಡೆದದ್ದಕ್ಕಿಂತ ಹೆಚ್ಚಿನದು ಈ ಅಟ್ಟದ ಮೇಲೆ ನಡೆಯಿತು ಎಂದರೆ ಅದು ಧಾರವಾಡದವರ ಊರಭಿಮಾನ ಎಂದು ಕೆಲವರು ನಕ್ಕಾರು. ನಗಲಿ. 1961ರಿಂದ 1969ರೊಳಗೆ ಈ ಅಟ್ಟದಿಂದ ಇಳಿದು ಹೋದ ಪುಸ್ತಕಗಳಲ್ಲಿ ಐದರ ಹೆಸರು ಹೇಳಿದರೆ ನಗು ನಿಲ್ಲುತ್ತದೆ: ‘ಯಯಾತಿ’, ‘ಮುಕ್ತಿ’, ‘ತುಘಲಕ್’, ‘ಸಂಸ್ಕಾರ’, ‘ಹೊಕ್ಕುಳಲ್ಲಿ ಹೂವಿಲ್ಲ’. ಬರೆದವರು ಕ್ರಮವಾಗಿ ಗಿರೀಶ ಕಾರ್ನಾಡ, ಶಾಂತಿನಾಥ ದೇಸಾಯಿ, ಮತ್ತೆ ಕಾರ್ನಾಡ, ಯು.ಆರ್. ಅನಂತಮೂರ್ತಿ, ಎ.ಕೆ. ರಾಮಾನುಜನ್. ಇಂದು ಈ ಹೆಸರುಗಳು ಪಠ್ಯಪುಸ್ತಕದಲ್ಲಿವೆ. ಅಂದು ‘ಯಯಾತಿ’ ಹೊರಬಂದಾಗ ಅದರ ಕರ್ತೃವಿಗೆ ಇಪ್ಪತ್ಮೂರು ವರ್ಷ. ನಾಟಕಕಾರನೆಂದು ಅವನ ಹೆಸರನ್ನು ಯಾರೂ ಕೇಳಿರಲಿಲ್ಲ.

ಕೇಳರಿಯದ ಹೆಸರಿನ ಪುಸ್ತಕ ಅಚ್ಚು ಮಾಡುವುದೆಂದರೆ ಏನು ಎಂಬುದು ಪ್ರಕಾಶಕನ ಕಡತ ನೋಡಿದವರಿಗೆ ಗೊತ್ತು. ಅಚ್ಚುಮೊಳೆಯ ಕಾಲ. ಒಂದೊಂದೇ ಅಕ್ಷರವನ್ನು ಮನೆಯಿಂದ ಹೆಕ್ಕಿ ಜೋಡಿಸಬೇಕು, ಕರಡು ತೆಗೆದು ತಿದ್ದಬೇಕು, ಒಂದು ಫಾರಂ ಅಚ್ಚಾದ ಮೇಲೆ ಮೊಳೆ ಬಿಚ್ಚಿ ಮುಂದಿನ ಫಾರಂ ಕಟ್ಟಬೇಕು. ಕಾಗದದ ಹಣ ಮೊದಲೇ ಕೊಡಬೇಕು. ಪುಸ್ತಕ ಮಾರಿದ ಅಂಗಡಿಯವನ ಹಣ ಕೊನೆಗೆ ಬರುತ್ತದೆ. ಒಮ್ಮೊಮ್ಮೆ ಕೊನೆಗೂ ಬರುವುದಿಲ್ಲ. ಈ ನಡುವಿನ ಅವಧಿಯಲ್ಲಿ ಪ್ರಕಾಶಕ ಎಂಬ ಪ್ರಾಣಿ ಏನು ತಿಂದು ಬದುಕಬೇಕು ಎಂಬುದು ವಿಮರ್ಶಕರು ತಲೆಕೆಡಿಸಿಕೊಳ್ಳದ ಪ್ರಶ್ನೆ.

ಆ ಪ್ರಶ್ನೆಗೆ ಜಿ.ಬಿ. ಜೋಶಿಯವರು 1933ರಲ್ಲೇ ಒಂದು ಉತ್ತರ ಕಂಡುಕೊಂಡಿದ್ದರು. ಓದುಗರನ್ನು ಮೊದಲೇ ಚಂದಾದಾರರನ್ನಾಗಿ ಮಾಡಿಕೊಳ್ಳುವುದು. ವರ್ಷಕ್ಕೆ ಇಷ್ಟು ಪುಸ್ತಕ ಎಂದು ಅವರ ಮನೆಗೆ ಕಳಿಸುವುದು. ‘ಮಾಲೆ’ ಎಂಬ ಹೆಸರು ಬಂದದ್ದು ಸುಮ್ಮನೆ ಅಲಂಕಾರಕ್ಕಲ್ಲ. ಒಂದು ಹೂವಿನ ಹಿಂದೆ ಇನ್ನೊಂದು ಬರಲೇಬೇಕು, ದಾರ ಕಡಿಯಬಾರದು ಎಂಬ ಕರಾರು ಅದರೊಳಗಿದೆ. ಆಗ ಧಾರವಾಡ ಮುಂಬಯಿ ಪ್ರಾಂತಕ್ಕೆ ಸೇರಿದ ಊರು. ಕನ್ನಡ ಮಾತಾಡುವ ನೆಲ ಮೈಸೂರು, ಮುಂಬಯಿ, ಮದರಾಸು, ಹೈದರಾಬಾದು, ಕೊಡಗು ಎಂದು ಹರಿದು ಹಂಚಿಹೋಗಿತ್ತು. ಉತ್ತರದ ಈ ಭಾಗದ ಓದುವ ಮಂದಿಯ ಕೈಯಲ್ಲಿ ಮರಾಠಿ ಕಾದಂಬರಿ ಇರುವುದು ಸಾಮಾನ್ಯ. ಬೇಂದ್ರೆಯವರ ಸುತ್ತ ನೆರೆದ ‘ಗೆಳೆಯರ ಗುಂಪು’ ಕನ್ನಡದ ಹೆಸರಿನಲ್ಲಿ ಹಾಡು, ಪತ್ರಿಕೆ, ಭಾಷಣ, ನಾಡಹಬ್ಬ ಎಂದು ಓಡಾಡುತ್ತಿತ್ತು. ಜೋಶಿ ಆ ಗುಂಪಿನ ಕಿರಿಯರಲ್ಲೊಬ್ಬರು. ಹಾಡಿದರೆ ಸಾಲದು, ಓದುವವನ ಕೈಗೆ ಕನ್ನಡದ ಕಾದಂಬರಿಯೊಂದನ್ನು ಇಡಬೇಕು ಎಂಬ ವ್ಯವಹಾರದ ವಿವೇಕ ಹುಟ್ಟಿದ್ದು ಇವರಿಗೆ. ಬೆಟಗೇರಿ ಕೃಷ್ಣಶರ್ಮರ ‘ಸುದರ್ಶನ’ದಂಥ ಕಾದಂಬರಿಗಳಿಂದ ಮಾಲೆಯ ಆರಂಭ.

ಚಂದಾದಾರನಿಗೆ ಪುಸ್ತಕ ಕಳಿಸುವ ಈ ಪದ್ಧತಿಯಲ್ಲಿ ಒಂದು ವಿಚಿತ್ರವಾದ ಸ್ವಾತಂತ್ರ್ಯವಿದೆ. ಅಂಗಡಿಗೆ ಬರುವ ಗಿರಾಕಿ ತನಗೆ ಬೇಕಾದ್ದನ್ನು ಆರಿಸುತ್ತಾನೆ. ಚಂದಾದಾರ ಹಾಗಲ್ಲ, ಕಳಿಸಿದ್ದನ್ನು ಬಿಚ್ಚಿ ನೋಡುತ್ತಾನೆ. ಮನೆಮಂದಿಗೆಲ್ಲ ಹಿಡಿಸುವ ಸಂಸಾರದ ಕಾದಂಬರಿಯ ಜೊತೆಗೆ, ಅವನು ತಾನಾಗಿ ಎಂದೂ ಕೊಳ್ಳದಿದ್ದ ಹೊಸ ಹುಡುಗನ ನಾಟಕವೂ ಬಂತು ಎನ್ನಿ. ಬೈದುಕೊಂಡಾದರೂ ನಾಲ್ಕು ಪುಟ ತಿರುವುತ್ತಾನೆ. ಕನ್ನಡದ ನವ್ಯ ಸಾಹಿತ್ಯಕ್ಕೆ ಮೊದಲ ಓದುಗರು ದೊರೆತದ್ದರಲ್ಲಿ ಹೀಗೆ ಬೈದುಕೊಂಡು ಓದಿದವರ ಪಾಲೂ ಇರಲೇಬೇಕು. ಬಂಡವಾಳವಿಲ್ಲದ ಪ್ರಕಾಶಕನಿಗೆ ಓದುಗನ ವಿಶ್ವಾಸವೇ ಬಂಡವಾಳ; ಅದನ್ನು ಸಂಸಾರದ ಕಾದಂಬರಿಯಲ್ಲಿ ಗಳಿಸಿ ಹೊಸಬರ ಮೇಲೆ ಖರ್ಚು ಮಾಡಿದರೆ ಲೆಕ್ಕ ಸರಿಹೋಗುತ್ತದೆ. ಎಷ್ಟು ಖರ್ಚು ಮಾಡಬಹುದು ಎಂಬ ಅಂದಾಜು ಮಾತ್ರ ಯಾವ ಲೆಕ್ಕದ ಪುಸ್ತಕದಲ್ಲೂ ಸಿಗುವುದಿಲ್ಲ.

ಜೋಶಿಯವರು ತಾವೂ ಬರಹಗಾರರು. ‘ಜಡಭರತ’ ಎಂಬುದು ಅವರ ಕಾವ್ಯನಾಮ. ಭಾಗವತದ ಜಡಭರತನ ಕಥೆ ಬಲ್ಲವರಿಗೆ ಈ ಹೆಸರಿನ ಸ್ವಾರಸ್ಯ ತಿಳಿಯುತ್ತದೆ. ರಹೂಗಣ ರಾಜನ ಪಲ್ಲಕ್ಕಿ ಹೊರಲು ಆಳು ಸಾಲದೆ, ದಾರಿಯಲ್ಲಿ ಸಿಕ್ಕ ಗಟ್ಟಿಮುಟ್ಟಾದ ಮೂಗನಂಥ ಒಬ್ಬನನ್ನು ಹಿಡಿದು ಕಂಬಿಗೆ ಹೆಗಲು ಕೊಡಿಸುತ್ತಾರೆ. ಅವನು ಕಾಲಡಿಯ ಇರುವೆ ಸಾಯಬಾರದೆಂದು ನೋಡಿ ನೋಡಿ ಹೆಜ್ಜೆ ಇಡುತ್ತಾನೆ. ಪಲ್ಲಕ್ಕಿ ತೂಗಾಡುತ್ತದೆ. ಒಳಗಿನ ರಾಜ ರೇಗುತ್ತಾನೆ. ಆಗ ಮೂಗ ಬಾಯಿ ಬಿಡುತ್ತಾನೆ. ರಾಜ ಪಲ್ಲಕ್ಕಿಯಿಂದ ಇಳಿದು ಕಾಲಿಗೆ ಬೀಳುತ್ತಾನೆ. ಅರವತ್ತು ವರ್ಷ ಇತರರ ಪಲ್ಲಕ್ಕಿ ಹೊತ್ತ ಮನುಷ್ಯ ಈ ಹೆಸರನ್ನು ಯಾವ ಅರ್ಥದಲ್ಲಿ ಆರಿಸಿಕೊಂಡಿದ್ದರೂ ಪ್ರಕಾಶಕನಿಗೆ ಇದಕ್ಕಿಂತ ಒಪ್ಪುವ ಹೆಸರು ಇನ್ನೊಂದಿಲ್ಲ.

ಪಲ್ಲಕ್ಕಿ ಏರಿದವರೆಲ್ಲ ಧಾರವಾಡದಲ್ಲೇ ಇದ್ದರು ಎಂದುಕೊಳ್ಳಬೇಡಿ. ಈ ಅಟ್ಟದ ಸೋಜಿಗವೇ ಅದು. ಕಾರ್ನಾಡ ಕರ್ನಾಟಕ ಕಾಲೇಜಿನಲ್ಲಿ ಗಣಿತ ಓದಿ ಮುಗಿಸಿ, ರೋಡ್ಸ್ ವಿದ್ಯಾರ್ಥಿವೇತನದ ಮೇಲೆ ಆಕ್ಸ್‌ಫರ್ಡಿಗೆ ಹೋದವರು. ಅನಂತಮೂರ್ತಿ ಬರ್ಮಿಂಗ್‌ಹ್ಯಾಮಿನಲ್ಲಿ ಸಂಶೋಧನೆಗೆ ಕುಳಿತವರು. ರಾಮಾನುಜನ್ ಬೆಳಗಾವಿಯಲ್ಲಿ ಇಂಗ್ಲಿಷ್ ಕಲಿಸಿ ಆಮೇಲೆ ಷಿಕಾಗೋ ಸೇರಿದವರು. ಇವರ ಹಸ್ತಪ್ರತಿಗಳನ್ನು ತೂಗಿ ನೋಡುವ ಕೀರ್ತಿನಾಥ ಕುರ್ತಕೋಟಿ ಗದುಗಿನವರಾದರೂ ಬದುಕಿನ ಬಹುಭಾಗವನ್ನು ಗುಜರಾತಿನ ಆನಂದದಲ್ಲಿ ಇಂಗ್ಲಿಷ್ ಮೇಷ್ಟರಾಗಿ ಕಳೆದರು. ಹೀಗೆ ಆಕ್ಸ್‌ಫರ್ಡು, ಬರ್ಮಿಂಗ್‌ಹ್ಯಾಮು, ಷಿಕಾಗೋ, ಆನಂದಗಳಿಗೆಲ್ಲ ಸುಭಾಸ ರಸ್ತೆಯ ಒಂದು ಅಟ್ಟ ನಡುಮನೆಯಾಯಿತು. ಇದನ್ನು ಸಾಧ್ಯ ಮಾಡಿದ್ದು ಅಂಚೆ ಇಲಾಖೆ. ಕನ್ನಡದ ನವ್ಯಕ್ಕೆ ಸಾರ್ತ್ರ್, ಕಮೂ ಎಷ್ಟು ಕಾರಣರೋ ಅಂಚೆಯ ಪೇದೆಯೂ ಅಷ್ಟೇ ಕಾರಣ. ಅವನ ಮೇಲೆ ಮಾತ್ರ ಇನ್ನೂ ಯಾರೂ ಪಿಎಚ್.ಡಿ. ಮಾಡಿಲ್ಲ.

‘ಯಯಾತಿ’ಯ ಸಂಗತಿ ನೋಡಿ. ಇಂಗ್ಲಿಷ್ ಕವಿಯಾಗಬೇಕು, ದೇಶದ ಹೊರಗೆ ಹೆಸರು ಮಾಡಬೇಕು ಎಂದು ಕನಸು ಕಟ್ಟಿಕೊಂಡಿದ್ದ ತರುಣ. ಹಡಗು ಹತ್ತುವ ಮುಂಚಿನ ದಿನಗಳಲ್ಲಿ, ಮನೆಯವರ ನಿರೀಕ್ಷೆಗಳ ಒತ್ತಡದಲ್ಲಿ, ತನಗೇ ಆಶ್ಚರ್ಯವಾಗುವಂತೆ ಕನ್ನಡದಲ್ಲಿ ನಾಟಕ ಬರೆಯುತ್ತಾನೆ. ಅಪ್ಪ ಮಗನ ಯೌವನ ಕೇಳುವ ಮಹಾಭಾರತದ ಕಥೆ. ಹಿರಿಯರ ಬಯಕೆಗೆ ಕಿರಿಯರು ತೆರುವ ಬೆಲೆ ಎಷ್ಟು ಎಂಬುದು ಆ ಹುಡುಗನ ಸ್ವಂತ ಪ್ರಶ್ನೆಯೇ ಆಗಿತ್ತು ಎಂದು ಕಾರ್ನಾಡರು ಆಮೇಲೆ ಹಲವು ಕಡೆ ಹೇಳಿಕೊಂಡಿದ್ದಾರೆ. ಪುಸ್ತಕ 1961ರಲ್ಲಿ ಹೊರಬಂತು. ಈ ಹಸ್ತಪ್ರತಿ ಅಟ್ಟದಿಂದ ವಿಷಾದಪೂರ್ವಕವಾಗಿ ಮರಳಿದ್ದರೆ ಅವರು ಇಂಗ್ಲೆಂಡಿನಲ್ಲೇ ನೆಲೆ ನಿಲ್ಲುತ್ತಿದ್ದರೋ ಏನೋ. 1963ರಲ್ಲಿ ಆಕ್ಸ್‌ಫರ್ಡ್ ಯೂನಿಯನ್ನಿನ ಅಧ್ಯಕ್ಷರಾಗಿದ್ದವರಿಗೆ ಅಲ್ಲಿ ಬಾಗಿಲುಗಳೇನೂ ಮುಚ್ಚಿರಲಿಲ್ಲ. ಅವರು ತಿರುಗಿ ಬಂದರು. ಮದರಾಸಿನಲ್ಲಿ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ಸಿನ ಕೆಲಸ ಹಿಡಿದರು. ಕನ್ನಡದ ನಾಟಕಕಾರರಾಗಿ ಉಳಿದರು.

ವಿಮರ್ಶಕರು ‘ಯಯಾತಿ’ಯನ್ನು ಸುಮ್ಮನೆ ತಲೆಯ ಮೇಲೆ ಹೊರಲಿಲ್ಲ. ಪುರಾಣದ ಮೈಗೆ ಅಸ್ತಿತ್ವವಾದದ ಅಂಗಿ ತೊಡಿಸಿದ್ದಾರೆ, ಸಾರ್ತ್ರ್ ಮತ್ತು ಅನುಯಿಯ ನೆರಳು ಗಾಢವಾಗಿದೆ, ಪಾತ್ರಗಳು ಮಾತಾಡುವುದಕ್ಕಿಂತ ವಾದಿಸುವುದೇ ಹೆಚ್ಚು ಎಂಬ ಆಕ್ಷೇಪಗಳು ಬಂದವು. ಅವುಗಳಲ್ಲಿ ಸತ್ಯವಿಲ್ಲದಿಲ್ಲ. ಕಾರ್ನಾಡರಿಗೂ ಆ ನಾಟಕದ ಬಗ್ಗೆ ಪೂರ್ಣ ಸಮಾಧಾನವಿದ್ದಂತೆ ಕಾಣದು. ತಮ್ಮ ಬೇರೆ ನಾಟಕಗಳನ್ನು ಬೇಗನೆ ಇಂಗ್ಲಿಷಿಗೆ ತಂದವರು ಇದನ್ನು ತಂದದ್ದು 2008ರಲ್ಲಿ. ಆದರೆ ಶರ್ಮಿಷ್ಠೆಯ ನಾಲಗೆಯ ಹರಿತ, ಯೌವನ ಕೊಟ್ಟು ಮುದುಕನಾಗಿ ನಿಂತ ಗಂಡನನ್ನು ನೋಡುವ ಚಿತ್ರಲೇಖೆಯ ದಿಗಿಲು ಇವುಗಳನ್ನು ಕಂಡ ಮೇಲೆ ಇನ್ನೂ ದೊಡ್ಡದು ಬರಲಿದೆ ಎಂದು ಊಹಿಸುವುದು ಕಷ್ಟವಿರಲಿಲ್ಲ.

ಆ ದೊಡ್ಡದಕ್ಕೆ ಕಿಡಿ ಹಚ್ಚಿದ್ದು ಕುರ್ತಕೋಟಿ. ಗ್ರಂಥಮಾಲೆಗೆ ಇಪ್ಪತ್ತೈದು ತುಂಬಿದ ಸಂದರ್ಭಕ್ಕೆ ‘ನಡೆದು ಬಂದ ದಾರಿ’ ಎಂಬ ಸಂಪುಟಗಳು ಸಿದ್ಧವಾದವು. ಬೆಳ್ಳಿಹಬ್ಬ ಎಂದರೆ ಸನ್ಮಾನ, ಶಾಲು, ಸ್ಮರಣ ಸಂಚಿಕೆ ಎಂಬ ನಮ್ಮ ರೂಢಿಯನ್ನು ನೆನೆದರೆ, ಒಂದು ಖಾಸಗಿ ಪ್ರಕಾಶನ ತನ್ನ ಹಬ್ಬಕ್ಕೆ ಕನ್ನಡ ಸಾಹಿತ್ಯದ ಲೆಕ್ಕ ತೆಗೆಯಲು ಹೊರಟದ್ದು ಅಪರೂಪವೇ. ಕುರ್ತಕೋಟಿಯವರ ‘ಯುಗಧರ್ಮ ಹಾಗೂ ಸಾಹಿತ್ಯ ದರ್ಶನ’ದ ಬೇರು ಇರುವುದೂ ಈ ಕೆಲಸದಲ್ಲೇ. ಕನ್ನಡದಲ್ಲಿ ಐತಿಹಾಸಿಕ ನಾಟಕಗಳಿವೆ, ಆದರೆ ಶಾ, ಬ್ರೆಕ್ಟ್ ಮಾಡಿದ ಹಾಗೆ ಇತಿಹಾಸವನ್ನು ಇಂದಿನ ಕಣ್ಣಿನಿಂದ ಎದುರಿಸಿದ ನಾಟಕ ಇಲ್ಲ ಎಂಬರ್ಥದ ಮಾತು ಕುರ್ತಕೋಟಿಯವರ ಬರಹದಲ್ಲಿ ಬಂತು. ಅದನ್ನು ಓದಿಯೇ ತಾವು ಭಾರತದ ಇತಿಹಾಸದ ಪುಸ್ತಕ ತಿರುವಲು ಕುಳಿತದ್ದಾಗಿ, ಅಲ್ಲಿ ಮಹಮ್ಮದ್ ಬಿನ್ ತುಘಲಕ್ ಸಿಕ್ಕಿದ್ದಾಗಿ ಕಾರ್ನಾಡರು ಹೇಳುತ್ತಿದ್ದರು. ವಿಮರ್ಶೆ ಎಂದರೆ ಪುಸ್ತಕ ಬಂದ ಮೇಲೆ ಹೊಡೆಯುವ ಮೊಹರು ಎಂದು ತಿಳಿದವರು ಈ ಸಂಗತಿಯನ್ನು ಗಮನಿಸಬೇಕು. ಇಲ್ಲಿ ವಿಮರ್ಶೆ ಮೊದಲು ಬಂತು, ನಾಟಕ ಆಮೇಲೆ.

1964ರಲ್ಲಿ ‘ತುಘಲಕ್’ ಅಚ್ಚಾಯಿತು. ನೆಹರೂ ತೀರಿಕೊಂಡ ವರ್ಷ. ದೊಡ್ಡ ಕನಸು ಕಂಡ ದೊರೆ, ರಾಜಧಾನಿ ಬದಲಿಸಿ, ತಾಮ್ರದ ನಾಣ್ಯ ಹೊರಡಿಸಿ, ಕೊನೆಗೆ ಹೆಣಗಳ ನಡುವೆ ನಿದ್ದೆಗಾಗಿ ಹಂಬಲಿಸುವ ಕಥೆಯನ್ನು ಜನ ತಮ್ಮ ಕಾಲದ ಭ್ರಮನಿರಸನಕ್ಕೆ ಹಿಡಿದ ಕನ್ನಡಿ ಎಂದೇ ಓದಿದರು. 1969ರಲ್ಲಿ ಬೆಂಗಳೂರಿನ ರಂಗದ ಮೇಲೆ ಬಿ.ವಿ. ಕಾರಂತರ ನಿರ್ದೇಶನದಲ್ಲಿ ಸಿ.ಆರ್. ಸಿಂಹ ತುಘಲಕನಾಗಿ ನಿಂತ ಮೇಲೆ ಪುಸ್ತಕಕ್ಕೆ ಧ್ವನಿಯೂ ಬಂತು. ದಿಲ್ಲಿಯಲ್ಲಿ ಇಬ್ರಾಹಿಂ ಅಲ್ಕಾಜಿ 1974ರಲ್ಲಿ ಪುರಾನಾ ಕಿಲಾದ ಹಾಳುಗೋಡೆಗಳ ನಡುವೆ ಅದನ್ನು ಆಡಿಸಿದರು. 1972ರ ಇಂಗ್ಲಿಷ್ ಆವೃತ್ತಿಗೆ ಮುನ್ನುಡಿ ಬರೆದವರು ಅನಂತಮೂರ್ತಿ. ಒಂದೇ ಅಟ್ಟದ ಇಬ್ಬರು ಲೇಖಕರು ಹೀಗೆ ಪರಸ್ಪರರ ಹೆಗಲಿಗೆ ಹೆಗಲು ಕೊಟ್ಟದ್ದು ಕಾಣುತ್ತದೆ.

ಕಾಣುತ್ತದೆ ಎಂದಾಗಲೇ ಒಂದು ಅನುಮಾನವನ್ನೂ ಹೇಳಿಬಿಡಬೇಕು. ಹಸ್ತಪ್ರತಿ ಆರಿಸುವವರೂ ಅವರೇ, ಅದರ ಬಗ್ಗೆ ನಾಡಿಗೆ ತಿಳಿಹೇಳುವವರೂ ಅವರೇ ಆದರೆ ಅದು ಮನೆಮಂದಿಯ ಹರಟೆಯಾಗದೆ? ಕುರ್ತಕೋಟಿಯವರ ಮಟ್ಟಿಗೆ ಉತ್ತರ ಸಿಗುವುದು ಅವರ ಬರಹದಲ್ಲೇ. ತಮ್ಮ ಮನೆಯ ಪುಸ್ತಕಗಳ ಜಾಹೀರಾತು ಬರೆಯುವವರ ಭಾಷೆ ಅವರದಲ್ಲ. ಕುಮಾರವ್ಯಾಸ, ಬೇಂದ್ರೆ, ಶ್ರೀರಂಗ ಎಂದು ಹಿಂದುಮುಂದಿನ ಸಾಹಿತ್ಯವನ್ನೆಲ್ಲ ಎಳೆದು ತಂದು ಹೊಸ ಪುಸ್ತಕವನ್ನು ಅದರ ಪಕ್ಕದಲ್ಲಿ ನಿಲ್ಲಿಸುವ ಕ್ರಮ ಅವರದು. ಹಾಗೆ ನಿಲ್ಲಿಸಿದಾಗ ಕೆಲವು ಕುಳ್ಳಗೆ ಕಂಡವು, ಅದನ್ನೂ ಹೇಳಿದರು. ಅವರಿಗೆ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದದ್ದು 1995ರಲ್ಲಿ, ‘ಉರಿಯ ನಾಲಗೆ’ಗೆ. ಅಷ್ಟು ಹೊತ್ತಿಗೆ ಅವರು ತಿದ್ದಿದ ಹುಡುಗರ ತಲೆಗೂದಲು ನರೆತಿತ್ತು.

‘ಸಂಸ್ಕಾರ’ದ ಕಥೆ ಬೇರೆ. 1965ರಲ್ಲಿ ಬಂದ ಈ ಚಿಕ್ಕ ಕಾದಂಬರಿಯ ಸ್ವಾಗತ ಸಾಹಿತ್ಯದ ಅಂಗಳದಲ್ಲಷ್ಟೇ ನಡೆಯಲಿಲ್ಲ. ದೂರ್ವಾಸಪುರದ ಅಗ್ರಹಾರದಲ್ಲಿ ನಾರಣಪ್ಪ ಸತ್ತಿದ್ದಾನೆ. ಆಚಾರ ಬಿಟ್ಟವನ ಹೆಣಕ್ಕೆ ಸಂಸ್ಕಾರ ಮಾಡುವವರು ಯಾರು ಎಂದು ತೀರ್ಮಾನವಾಗದೆ ಹೆಣ ನಾರುತ್ತದೆ. ತೀರ್ಪು ಹೇಳಬೇಕಾದ ಪ್ರಾಣೇಶಾಚಾರ್ಯರೇ ಚಂದ್ರಿಯ ತೆಕ್ಕೆಗೆ ಬಿದ್ದು ದಾರಿ ತಪ್ಪುತ್ತಾರೆ, ಅಥವಾ ದಾರಿ ಕಾಣುತ್ತಾರೆ. ಮಾಧ್ವ ಬ್ರಾಹ್ಮಣರಲ್ಲಿ ಅನೇಕರಿಗೆ ಇದು ತಮ್ಮ ಮನೆಯ ಮಾನ ಬೀದಿಗೆ ತಂದ ಕೃತಿಯಾಗಿ ಕಂಡಿತು. ಬರೆದವನೂ ಅದೇ ಸಮುದಾಯದವನೆಂಬುದು ಸಿಟ್ಟನ್ನು ಹೆಚ್ಚಿಸಿತು. ಅಚ್ಚು ಹಾಕಿದವರೂ ಬ್ರಾಹ್ಮಣರೇ. ಚಂದಾದಾರರ ನೆಚ್ಚಿಕೆಯ ಮೇಲೆ ನಡೆಯುವ ಪ್ರಕಾಶನಕ್ಕೆ, ಅದರಲ್ಲೂ ಓದುವ ವರ್ಗವೆಂದರೆ ಹೆಚ್ಚುಪಾಲು ಇದೇ ಮಂದಿ ಎಂದಿದ್ದ ಕಾಲದಲ್ಲಿ, ಇದು ಸಣ್ಣ ಪಣವಲ್ಲ. ಇರುವೆ ತುಳಿಯದೆ ನಡೆಯುವ ಜಡಭರತ ಇಲ್ಲಿ ಪಲ್ಲಕ್ಕಿ ಚೆನ್ನಾಗಿಯೇ ತೂಗಾಡಿಸಿದರು.

ಐದು ವರ್ಷದ ಮೇಲೆ ಪಟ್ಟಾಭಿರಾಮ ರೆಡ್ಡಿ ಅದನ್ನು ಸಿನಿಮಾ ಮಾಡಿದರು. ಕಾರ್ನಾಡರೇ ಪ್ರಾಣೇಶಾಚಾರ್ಯ, ಪಿ. ಲಂಕೇಶ್ ನಾರಣಪ್ಪ, ಸ್ನೇಹಲತಾ ರೆಡ್ಡಿ ಚಂದ್ರಿ. ಮದರಾಸಿನ ಸೆನ್ಸಾರಿನವರು ಚಿತ್ರವನ್ನು ತಡೆದರು. ತಡೆ ತೆಗೆದ ಮೇಲೆ 1970ರ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಬಂತು. ಕನ್ನಡಕ್ಕೆ ಆ ಗೌರವ ಅದೇ ಮೊದಲು. 1976ರಲ್ಲಿ ರಾಮಾನುಜನ್ ಕಾದಂಬರಿಯನ್ನು ಇಂಗ್ಲಿಷಿಗೆ ತಂದರು. ಮರುವರ್ಷವೇ ವಿ.ಎಸ್. ನೈಪಾಲ್ ಭಾರತದ ಬಗ್ಗೆ ಬರೆದ ತಮ್ಮ ಪುಸ್ತಕದಲ್ಲಿ ಅದನ್ನು ಎತ್ತಿಕೊಂಡು, ಪ್ರಾಣೇಶಾಚಾರ್ಯರಲ್ಲಿ ಇಡೀ ಹಿಂದೂ ಮನಸ್ಸಿನ ಕೊರತೆಯನ್ನು ಕಂಡುಬಿಟ್ಟರು. ಒಂದು ಅಗ್ರಹಾರದ ಕಥೆಯಿಂದ ಒಂದು ನಾಗರಿಕತೆಯ ರೋಗ ನಿದಾನ ಮಾಡುವ ಧೈರ್ಯ ದೊಡ್ಡ ಲೇಖಕರಿಗಷ್ಟೇ ಇರುತ್ತದೆ. ಊರಿನವರು ತಮ್ಮ ಮಾನ ಹೋಯಿತೆಂದು ಕೂಗಿದರು, ಹೊರಗಿನವರು ನಿಮ್ಮ ಬಣ್ಣ ಬಯಲಾಯಿತು ಎಂದರು. ಎರಡೂ ಕಡೆಯವರು ಕಾದಂಬರಿಯನ್ನು ವರದಿಯೆಂದು ಓದಿದವರು. ಆಚಾರ್ಯರು ಕೊನೆಗೆ ಗಾಡಿ ಹತ್ತಿ ಹೊರಟಾಗ ಅವರ ಮನಸ್ಸಿನಲ್ಲಿರುವ ನಡುಕವನ್ನು ಓದಿದವರಿಗೆ ಈ ಎರಡು ಕೂಗುಗಳೂ ಅಪ್ರಸ್ತುತ.

ರಾಮಾನುಜನ್ನರ ‘ಹೊಕ್ಕುಳಲ್ಲಿ ಹೂವಿಲ್ಲ’ 1969ರಲ್ಲಿ ಬಂದಾಗ ಇಂಥ ಗದ್ದಲವೇನೂ ಆಗಲಿಲ್ಲ. ಕವನ ಸಂಕಲನಕ್ಕೆ ಗದ್ದಲ ಎಲ್ಲಿಂದ ಬರಬೇಕು? ಆದರೆ ಬೇಂದ್ರೆಯವರ ಊರಿನಿಂದ, ನಾದವೇ ಕಾವ್ಯ ಎಂದು ನಂಬಿದ ಮಣ್ಣಿನಿಂದ, ಇಷ್ಟು ಒಣ ದನಿಯ, ತಮಾಷೆಯ, ಮೈಯ ಅಂಗಾಂಗಗಳನ್ನು ಕನ್ನಡಕ ಹಾಕಿ ನೋಡುವ ಪದ್ಯಗಳು ಹೊರಟವಲ್ಲ ಎಂಬುದೇ ಒಂದು ವಿಮರ್ಶೆ. ಮರುವರ್ಷ ಲಂಕೇಶರು ‘ಅಕ್ಷರ ಹೊಸ ಕಾವ್ಯ’ ಸಂಪಾದಿಸಿದರು. ಅದು ಬಂದದ್ದು ಸಾಗರದ ಕೆ.ವಿ. ಸುಬ್ಬಣ್ಣನವರ ಅಕ್ಷರ ಪ್ರಕಾಶನದಿಂದ. ಬೆಂಗಳೂರಿನ ದೊಡ್ಡ ಅಂಗಡಿಗಳು ನೋಡುತ್ತಿದ್ದಂತೆ ಧಾರವಾಡ, ಸಾಗರಗಳ ಎರಡು ಸಣ್ಣ ಪ್ರಕಾಶನಗಳು ಒಂದು ಕಾಲದ ಅಭಿರುಚಿಯನ್ನು ಕಟ್ಟಿಬಿಟ್ಟವು.

ಕಟ್ಟಿದ್ದನ್ನು ಪ್ರಶ್ನಿಸುವವರು ಬಂದೇ ಬರುತ್ತಾರೆ, ಬರಬೇಕು. 1970ರ ದಶಕದ ನಡುವಿನಿಂದ ದಲಿತ, ಬಂಡಾಯದ ಲೇಖಕರು ನವ್ಯದ ಮೇಲೆ ಆರೋಪಪಟ್ಟಿ ಹೊರಿಸಿದರು: ಇದು ಒಳಮನೆಯ ತಳಮಳ, ಮಧ್ಯಮ ವರ್ಗದ ಒಬ್ಬಂಟಿಯ ಗೋಳು, ಹೆಣ ಹೊರುವವರ ಮಾತು ಇಲ್ಲಿಲ್ಲ. ‘ಸಂಸ್ಕಾರ’ದಲ್ಲಿ ಬೆಳ್ಳಿಯಂಥ ಹೊಲೆಯರ ಹೆಣ್ಣು ಮೈಯಾಗಿ ಬರುತ್ತಾಳೆ, ಮನಸ್ಸಾಗಿ ಬರುವುದಿಲ್ಲ ಎಂಬ ಆಕ್ಷೇಪಕ್ಕೆ ಇಂದಿಗೂ ಸಮರ್ಪಕವಾದ ಸಮಾಧಾನ ಹೇಳಲಾಗಿಲ್ಲ. ಧಾರವಾಡದಲ್ಲೇ ಚಂದ್ರಶೇಖರ ಪಾಟೀಲ, ಗಿರಡ್ಡಿ ಗೋವಿಂದರಾಜ, ಸಿದ್ಧಲಿಂಗ ಪಟ್ಟಣಶೆಟ್ಟಿ ಮೂವರು ಸೇರಿ ಆರಂಭಿಸಿದ್ದ ‘ಸಂಕ್ರಮಣ’ ಕಾಲಕ್ರಮದಲ್ಲಿ ಚಂಪಾ ಅವರ ಕೈಯಲ್ಲಿ ಬಂಡಾಯದ ದನಿಯಾಯಿತು. ಅಟ್ಟದ ಪುಸ್ತಕಗಳನ್ನು ಅಟ್ಟದಿಂದ ಕೂಗಳತೆಯ ದೂರದಲ್ಲೇ ಜಗಳಕ್ಕೆ ಕರೆಯುವವರಿದ್ದರು ಎಂಬುದು ಆ ಊರಿನ ಆರೋಗ್ಯ.

ಇಷ್ಟರ ನಡುವೆ ಜೋಶಿಯವರು ತಮ್ಮ ಬರವಣಿಗೆಯನ್ನು ಹಿಂದಿನ ಸಾಲಿನಲ್ಲೇ ಇಟ್ಟುಕೊಂಡರು. ‘ಮೂಕಬಲಿ’, ‘ಕದಡಿದ ನೀರು’, ‘ನಾನೇ ಬಿಜ್ಜಳ’ ಇವೆಲ್ಲ ಅವರ ನಾಟಕಗಳು. ಪ್ರಕಾಶಕ ಬರೆದದ್ದನ್ನು ಗಂಭೀರವಾಗಿ ಓದುವವರು ಕಡಿಮೆ. ಕೈಯಲ್ಲಿ ಮುದ್ರಣದ ಸೌಕರ್ಯವಿದೆ, ಅಚ್ಚು ಹಾಕಿಕೊಂಡಿದ್ದಾರೆ ಎಂಬ ಉಡಾಫೆ ಇದ್ದೇ ಇರುತ್ತದೆ. ಅದನ್ನು ಬಗೆಹರಿಸಿದ್ದು ‘ಸತ್ತವರ ನೆರಳು’. ಮಠವೊಂದರ ಪೀಠಕ್ಕೆ ಯಾರು ಬರಬೇಕು ಎಂಬ ತಕರಾರಿನ ಸುತ್ತ ಹೆಣೆದ ಈ ನಾಟಕವನ್ನು 1970ರ ದಶಕದಲ್ಲಿ ಕಾರಂತರು ಬೆನಕ ತಂಡಕ್ಕೆ ಆಡಿಸಿದರು. ಪುರಂದರದಾಸರ ಪದಗಳನ್ನು ಮಠದ ಒಳಜಗಳದ ಬೆನ್ನಿಗೆ ಹಾಡಿಸಿದಾಗ ಭಕ್ತಿಗೀತೆ ಕುಟುಕುವ ಗೀತೆಯಾಗಿಬಿಟ್ಟಿತು. ಸತ್ತ ಹಿರಿಯರ ನೆರಳು ಬದುಕಿದವರ ಮೇಲೆ ಬೀಳುವುದು, ‘ಯಯಾತಿ’ಯಲ್ಲಿ ಮುದುಕ ಮಗನ ಯೌವನ ಕೇಳುವುದು, ‘ಸಂಸ್ಕಾರ’ದಲ್ಲಿ ಹೆಣವೊಂದು ಅಗ್ರಹಾರವನ್ನೇ ಆಳುವುದು: ಪ್ರಕಾಶಕರಿಗೂ ಅವರ ಲೇಖಕರಿಗೂ ಕಾಡಿದ ಪ್ರಶ್ನೆ ಒಂದೇ ಇದ್ದಂತಿದೆ. ಹಸ್ತಪ್ರತಿ ಆರಿಸುವಾಗ ಅವರಿಗೆ ಅದು ಹೊಳೆದಿತ್ತೆ? ಹೊಳೆದಿರದಿದ್ದರೂ ಆಯ್ಕೆ ಸುಳ್ಳು ಹೇಳುವುದಿಲ್ಲ.

1993 ಈ ಮನೆಗೆ ಕೆಟ್ಟ ವರ್ಷ. ಜುಲೈನಲ್ಲಿ ಷಿಕಾಗೋದಲ್ಲಿ ರಾಮಾನುಜನ್ ತೀರಿಕೊಂಡರು; ಡಿಸೆಂಬರಿನಲ್ಲಿ ಜೋಶಿ. ಮರುವರ್ಷ ಅನಂತಮೂರ್ತಿಯವರಿಗೆ ಜ್ಞಾನಪೀಠ, 1998ರಲ್ಲಿ ಕಾರ್ನಾಡರಿಗೆ. ಮಗ ರಮಾಕಾಂತ ಜೋಶಿಯವರು ಮಾಲೆಯ ದಾರ ಹಿಡಿದುಕೊಂಡರು. ಹೆಸರು ಮಾಡಿದ ಲೇಖಕ ದೊಡ್ಡ ಪ್ರಕಾಶನ ಹುಡುಕಿಕೊಂಡು ಹೋಗುವುದು ಲೋಕರೂಢಿ. ಕಾರ್ನಾಡರ ಕನ್ನಡ ಪುಸ್ತಕಗಳು ಕೊನೆಯವರೆಗೂ ಧಾರವಾಡದಿಂದಲೇ ಬಂದವು. 2011ರಲ್ಲಿ ಅವರ ಆತ್ಮಕಥೆ ‘ಆಡಾಡತ ಆಯುಷ್ಯ’ ಬಂದಾಗ, ಹೆಸರು ಬೇಂದ್ರೆಯವರ ಪದ್ಯದ್ದು, ಪ್ರಕಾಶನ ಬೇಂದ್ರೆಯವರ ಗೆಳೆಯರದ್ದು. ಹೆತ್ತವರ ಬಗ್ಗೆ, ತನ್ನ ಬಗ್ಗೆ ಮುಚ್ಚುಮರೆಯಿಲ್ಲದೆ ಬರೆದ ಆ ಪುಸ್ತಕ ಕೆಲವರಿಗೆ ಇರುಸುಮುರುಸು ತಂದಿತು, ಬಹಳ ಮಂದಿಗೆ ಒಂದೇ ಪಟ್ಟಿಗೆ ಓದಿಸಿಕೊಂಡಿತು. ಅದರ ಇಂಗ್ಲಿಷ್ ರೂಪ ಬಂದದ್ದು 2021ರಲ್ಲಿ, ಲೇಖಕರು ಇಲ್ಲವಾದ ಮೇಲೆ.

ಅದಕ್ಕೂ ಮುಂಚೆ, 2018ರಲ್ಲಿ ಅವರ ಕೊನೆಯ ನಾಟಕ ‘ರಾಕ್ಷಸ-ತಂಗಡಿ’ ಹೊರಬಂತು. ಎಂಬತ್ತು ವರ್ಷದ ನಾಟಕಕಾರ ಮತ್ತೆ ಇತಿಹಾಸದ ಪುಸ್ತಕ ಬಿಚ್ಚಿ, 1565ರ ಯುದ್ಧದಲ್ಲಿ ತಲೆ ಕಳೆದುಕೊಂಡ ಅಳಿಯ ರಾಮರಾಯನನ್ನು ಎಬ್ಬಿಸಿ ನಿಲ್ಲಿಸಿದ್ದರು. ‘ತುಘಲಕ್’ನ ಕಸುವು ಇದರಲ್ಲಿಲ್ಲ ಎಂದವರಿದ್ದರು, ವಿಜಯನಗರದ ಪತನವನ್ನು ಹಿಂದೂ-ಮುಸ್ಲಿಂ ಜಗಳವೆಂದು ಹೇಳಿಕೊಂಡು ಬಂದವರಿಗೆ ಅದು ಪಥ್ಯವಾಗಲೂ ಇಲ್ಲ. ಮುಖಪುಟದ ಮೇಲೆ ಪ್ರಕಾಶಕರ ಹೆಸರು ಐವತ್ತೇಳು ವರ್ಷದ ಹಿಂದೆ ‘ಯಯಾತಿ’ಯ ಮೇಲಿದ್ದುದೇ.